ಅಪ್‌ಡೇಟ್: 4.1 ಇದ್ದ ಜಿಪಿಎ 3.6 ಆಗಿದ್ದು ಯಾಕೆ ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ದೆನಲ್ಲ, ಮಗಳ ಹೈಸ್ಕೂಲ್ ಅಂಕಪಟ್ಟಿಯಲ್ಲಿ ಜಿಪಿಎ (ಎಲ್ಲ ವಿಷಯಗಳ ಗ್ರೇಡ್‌ಗಳ ಸರಾಸರಿ) 4.1 ಇದೆ, ಅರ್ಜಿ ಹಾಕಿದ ಅಮೆರಿಕದ ಯೂನಿವರ್ಸಿಟಿ ಪೋರ್ಟಲ್‌ನಲ್ಲಿ 3.6 ತೋರಿಸ್ತಿದೆ ಅಂತ. ತಪ್ಪೇನೂ ಆಗಿರಲಿಲ್ಲ. ಅವರು ತಮ್ಮದೇ ರೀತಿಯಲ್ಲಿ ಮತ್ತೆ ಲೆಕ್ಕ ಹಾಕಿದ್ದರು.

ಇಮೇಲ್ ಮಾಡಿ ತಿದ್ದಿಸಿ ಅಂದವರ ಮಾತು ಕೇಳಿದೆ, ಉಪಯೋಗವಾಗಲಿಲ್ಲ. "ನಮ್ಮ ಪದ್ಧತಿ ಎಲ್ಲರಿಗೂ ಒಂದೇ" ಅಂತ ಎರಡು ಸಾಲಿನ ಉತ್ತರ ಬಂತು. ಮುಖ್ಯ ವಿಷಯಗಳನ್ನಷ್ಟೇ ಇಟ್ಟುಕೊಂಡು ಕೂಡಿ ನೋಡಿ ಅಂದಿದ್ದರಲ್ಲ, ಅವರಿಗೆ ತುಂಬಾ ಥ್ಯಾಂಕ್ಸ್. ಮಗಳೂ ನಾನೂ ಪೆನ್ಸಿಲ್ ಹಿಡಿದು ಕೂತೆವು. ಪಿ.ಇ. (ದೈಹಿಕ ಶಿಕ್ಷಣ), ಚಿತ್ರಕಲೆ ಎರಡನ್ನೂ ಹೊಡೆದು ಹಾಕಿದೆವು. ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸ್) ಕೆಮಿಸ್ಟ್ರಿಯಲ್ಲಿ ಅವಳಿಗೆ ಬಿ ಬಂದಿತ್ತು. ಬಿ ಅಂದ್ರೆ ಸಾಮಾನ್ಯವಾಗಿ 3 ಅಂಕ, ಆದರೆ ಕಷ್ಟದ ಕೋರ್ಸ್ ಅಂತ ಶಾಲೆ ಅದಕ್ಕೆ 4 ಕೊಟ್ಟಿತ್ತು. ಆ ಹೆಚ್ಚುವರಿ ಅಂಕ ತೆಗೆದು 3 ಅಂತ ಹಿಡಿದೆವು. ಕೊನೆಗೆ ಸರಿಯಾಗಿ 3.6 ಬಂತು!

ಹಾಗಾದ್ರೆ ಕಷ್ಟದ ಕೋರ್ಸ್ ತಗೊಂಡಿದ್ದು ವ್ಯರ್ಥವಾ? ಇಲ್ಲ. ತುಂಬಾ ಯೂನಿವರ್ಸಿಟಿಗಳಲ್ಲಿ ಅದನ್ನು ಜಿಪಿಎಯಿಂದ ಪ್ರತ್ಯೇಕವಾಗಿ ನೋಡ್ತಾರೆ. ಶಾಲೆಯಲ್ಲಿ ಯಾವ ಕೋರ್ಸ್‌ಗಳಿದ್ದವು, ಮಗು ಯಾವುದನ್ನು ಆರಿಸಿಕೊಂಡಿತು ಅನ್ನೋದು ತಿಳಿಯಲಿ ಅಂತಲೇ ಕೌನ್ಸೆಲರ್ ಶಾಲೆಯ ಪ್ರೊಫೈಲ್ ಕಳಿಸೋದು.

ನನಗೆ ಆಶ್ಚರ್ಯ ಆಗಿದ್ದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ನಿಯಮ. ಅವರ ಜಿಪಿಎ ಲೆಕ್ಕಕ್ಕೆ 9ನೇ ತರಗತಿಯ ಗ್ರೇಡ್ ಬರೋದೇ ಇಲ್ಲ, 10 ಮತ್ತು 11ರದ್ದು ಮುಖ್ಯ. 9ರಲ್ಲಿ ಎಡವಿದ ಮಕ್ಕಳ ಅಪ್ಪ ಅಮ್ಮಂದಿರೇ, ಧೈರ್ಯವಾಗಿರಿ. ಆದರೆ 12ರಲ್ಲಿ ಗ್ರೇಡ್ ತೀರಾ ಬಿದ್ದರೆ ಸಿಕ್ಕ ಸೀಟನ್ನೂ ವಾಪಸ್ ತಗೋಬಹುದು. ಕ್ಯಾಲ್ಕುಲಸ್ ಬಿಡಬೇಕು ಅಂತಿದ್ದ ಮಗಳು ಈಗ ಮುಂದುವರಿಸ್ತಿದ್ದಾಳೆ.