ಮಕ್ಕಳನ್ನು ಅವಲಂಬಿತರೆಂದು ತೋರಿಸಿದರೆ ತೆರಿಗೆ ಕಡಿಮೆಯಾಗುತ್ತದಾ?

ಪ್ರಶ್ನೆ (ವಿರಾಜಪೇಟೆಯಿಂದ):
2024-25ರ ಲೆಕ್ಕ. ಯಜಮಾನರ ಸಂಬಳ ವರ್ಷಕ್ಕೆ 9 ಲಕ್ಷ, ನನ್ನದು 4 ಲಕ್ಷ. ಅವರ ಹೆಸರಿನಲ್ಲಿ ರೊಬಸ್ಟಾ ಕಾಫಿ ತೋಟವಿದೆ, ಚೆರಿ (ಕಾಫಿ ಹಣ್ಣು) ಒಣಗಿಸಿ ಮಾರುತ್ತೇವೆ. ಮಗಳಿಗೆ 19, ಎಂಜಿನಿಯರಿಂಗ್. ಮಗನಿಗೆ 14, ಮೈಸೂರಿನಲ್ಲಿ ಹಾಸ್ಟೆಲ್. ಇಬ್ಬರನ್ನೂ ಅವಲಂಬಿತರೆಂದು ತೋರಿಸಿ ವಿನಾಯಿತಿ ಪಡೆಯಬಹುದಾ? ಮಗನ ಹೆಸರಿಗೆ ಅಜ್ಜಿ ಇಟ್ಟ ಠೇವಣಿಗೆ 7,000 ಬಡ್ಡಿ ಬಂದಿದೆ, ಅದನ್ನು ಎಲ್ಲಿ ತೋರಿಸಬೇಕು?

ಉತ್ತರ 1:
ಮೇಡಂ, ಮಗುವಿಗೆ ಇಷ್ಟು ಎಂದು ಕಳೆಯುವ ವಿನಾಯಿತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ಮಕ್ಕಳಿಗಾಗಿ ಮಾಡಿದ ಕೆಲವು ಖರ್ಚುಗಳಿಗೆ ಮಾತ್ರ ಇದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ (ಹೊಸದರಲ್ಲಿ ದರ ಕಡಿಮೆ, ಇಂಥ ವಿನಾಯಿತಿ ಇಲ್ಲ). 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್ ಅಡಿ ಬೋಧನಾ ಶುಲ್ಕ, ಒಬ್ಬೊಬ್ಬ ಪೋಷಕರಿಗೆ ಇಬ್ಬರು ಮಕ್ಕಳವರೆಗೆ, ಪಿಎಫ್, ಎಲ್‌ಐಸಿ ಎಲ್ಲ ಸೇರಿ ಒಟ್ಟು 1.5 ಲಕ್ಷ. ಎಡವುವುದು ಇಲ್ಲೇ: ರಸೀದಿಯ ಒಟ್ಟು ಮೊತ್ತವನ್ನು ಹಾಕಿಬಿಡುತ್ತಾರೆ. ಹಾಸ್ಟೆಲ್, ಬಸ್ಸು, ಅಭಿವೃದ್ಧಿ ಶುಲ್ಕ, ಡೊನೇಷನ್, ಕೋಚಿಂಗ್ ಯಾವುದೂ ಬರುವುದಿಲ್ಲ. "ಟ್ಯೂಷನ್ ಫೀ" ಸಾಲು ಬೇರೆಯಾಗಿರುವ ರಸೀದಿ ಕೇಳಿ ಪಡೆಯಿರಿ. ಯಾರ ಖಾತೆಯಿಂದ ಹಣ ಹೋಗಿದೆಯೋ ಅವರೇ ತೋರಿಸಬೇಕು. ಒಂದೇ ಮೊತ್ತವನ್ನು ಇಬ್ಬರೂ ತೋರಿಸುವಂತಿಲ್ಲ.

ಬಡ್ಡಿ ವಿಷಯ: ಅಜ್ಜಿ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಆದರೆ ಮಗ ಅಪ್ರಾಪ್ತ, ಆದ್ದರಿಂದ ಬಡ್ಡಿ ಹೆಚ್ಚು ಆದಾಯವಿರುವ ಪೋಷಕರಿಗೆ, ಅಂದರೆ ಯಜಮಾನರಿಗೆ ಸೇರುತ್ತದೆ. ಹಳೆಯ ಪದ್ಧತಿಯಲ್ಲಿ ಅದರಲ್ಲಿ 1,500 ಬಿಡುತ್ತಾರೆ, ಹೊಸದರಲ್ಲಿ ಅದೂ ಇಲ್ಲ. ಮಗಳಿಗೆ 18 ತುಂಬಿದೆ, ಅವಳ ಬಡ್ಡಿ ಅವಳದೇ.

ಉತ್ತರ 2:
ಮೊದಲು ಯಾವ ಪದ್ಧತಿ ಎಂದು ನಿರ್ಧರಿಸಿ, ಫೀಸಿನ ರಸೀದಿ ಹುಡುಕುವುದು ಆಮೇಲೆ. ತೋಟದ ನಿವ್ವಳ 3 ಲಕ್ಷ ಎಂದುಕೊಳ್ಳಿ. ಅದಕ್ಕೆ ತೆರಿಗೆ ಇಲ್ಲ, ಆದರೆ 5,000 ದಾಟಿದ್ದರಿಂದ ಸಂಬಳದ ತೆರಿಗೆ ದರ ಲೆಕ್ಕ ಹಾಕುವಾಗ ಸೇರುತ್ತದೆ. ಬಡ್ಡಿ ಬಿಟ್ಟು, ಸೆಸ್ ಸೇರಿಸಿದರೆ ಯಜಮಾನರ ತೆರಿಗೆ ಹೊಸ ಪದ್ಧತಿಯಲ್ಲಿ 55,900. ಹಳೆಯದರಲ್ಲಿ 80ಸಿ 1.5 ಲಕ್ಷ, ಆರೋಗ್ಯ ವಿಮೆ 25,000 ಪೂರ್ತಿ ತೋರಿಸಿದರೂ 88,400. ಗೃಹಸಾಲದ ಬಡ್ಡಿಯೋ ಮನೆಬಾಡಿಗೆ ಭತ್ಯೆಯೋ ದೊಡ್ಡದಾಗಿದ್ದರೆ ಮಾತ್ರ ಹಳೆಯದನ್ನು ನೋಡಿ.

ಉತ್ತರ 3:
ಕೊಡಗಿನಲ್ಲಿ ಹೆಚ್ಚು ತಪ್ಪುವುದು ರಿಟರ್ನ್ ಫಾರಂ (ಐಟಿಆರ್) ಆಯ್ಕೆಯಲ್ಲಿ. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಸಲ್ಲದು, ಐಟಿಆರ್-2 ತುಂಬಬೇಕು. ಮಗನ ಬಡ್ಡಿಯನ್ನು ಅದರ ಎಸ್‌ಪಿಐ ಶೆಡ್ಯೂಲಿನಲ್ಲೂ (ಬೇರೆಯವರ ಆದಾಯ ನಮ್ಮದಕ್ಕೆ ಸೇರಿದ್ದನ್ನು ತೋರಿಸುವ ಪಟ್ಟಿ) ತೋರಿಸಿ. ಚೆರಿಯನ್ನು ನೀವೇ ಕ್ಯೂರಿಂಗ್ ಮಾಡಿಸಿ (ಒಣಗಿದ ಸಿಪ್ಪೆ ಬಿಡಿಸಿ) ಬೀಜ ಮಾರಿದರೆ ಲೆಕ್ಕವೇ ಬೇರೆ: ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ಲಾಭದ ಶೇ. 25 ವ್ಯಾಪಾರ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಆಗ ಐಟಿಆರ್-3. ಹೀಗೆ ವ್ಯಾಪಾರ ಆದಾಯವಿದ್ದು ಹಳೆಯ ಪದ್ಧತಿ ಬೇಕಿದ್ದರೆ ಗಡುವಿನೊಳಗೆ ಅದನ್ನು ಆರಿಸುವ ಫಾರಂ 10-ಐಇಎ ಕೊಡಲೇಬೇಕು, ತಪ್ಪಿದರೆ ಹೊಸ ಪದ್ಧತಿಯೇ ಗಟ್ಟಿ.

ಪ್ರಶ್ನೆ ಕೇಳಿದವರು:
ಮಗಳಿಗೆ ಶಿಕ್ಷಣ ಸಾಲ ತೆಗೆದರೆ?

ಉತ್ತರ 1:
ಅದೇ ಕಾಯ್ದೆಯ 80ಇ ಸೆಕ್ಷನ್ ಅಡಿ ಬಡ್ಡಿಯ ವಿನಾಯಿತಿಗೆ ಮಿತಿಯಿಲ್ಲ, ತೀರಿಸಲು ಶುರು ಮಾಡಿದ ವರ್ಷ ಸೇರಿ ಹೆಚ್ಚೆಂದರೆ 8 ವರ್ಷ. ಅಸಲಿನ ಮೊತ್ತಕ್ಕೆ ವಿನಾಯಿತಿ ಇಲ್ಲ. ಸಾಲ ಯಾರ ಹೆಸರಲ್ಲಿದೆಯೋ, ಬಡ್ಡಿ ಯಾರು ಕಟ್ಟುತ್ತಾರೋ ಅವರಿಗೇ ವಿನಾಯಿತಿ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ. ಬ್ಯಾಂಕಿನಿಂದ ಪ್ರತಿ ವರ್ಷ ಬಡ್ಡಿ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ.