‘ಒಳ್ಳೆಯ ಬ್ಯಾಕ್ಟೀರಿಯಾ’ ಅನ್ನಬಹುದೇ? ಪ್ರೋಬಯಾಟಿಕ್, ಪ್ರೀಬಯಾಟಿಕ್, ಸೆಪ್ಸಿಸ್ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಐಸಿಯುನಲ್ಲಿರುವ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ರೋಗಿಗಳ ಮನೆಯವರಿಗಾಗಿ, ಚಿಕಿತ್ಸೆಯ ಜೊತೆಗೆ ಕೊಡುವ ಪ್ರೋಬಯಾಟಿಕ್, ಪ್ರೀಬಯಾಟಿಕ್‌ಗಳ ಬಗ್ಗೆ ಒಂದು ಮಾಹಿತಿ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಬದುಕಿರುವ ಸೂಕ್ಷ್ಮಜೀವಿಗಳನ್ನೇ ಕೊಟ್ಟರೆ ಪ್ರೋಬಯಾಟಿಕ್. ಕರುಳಿನಲ್ಲಿ ಮೊದಲೇ ಇರುವ ಸೂಕ್ಷ್ಮಜೀವಿಗಳಿಗೆ ಇನುಲಿನ್‌ನಂಥ ನಾರು ಕೊಟ್ಟು ಬೆಳೆಸಿದರೆ ಪ್ರೀಬಯಾಟಿಕ್. ಬರಹದಲ್ಲಿ ಓಕಾರ, ಈಕಾರದಷ್ಟೇ ವ್ಯತ್ಯಾಸ. ನಿದ್ದೆಗೆಟ್ಟು ಕೂತವರ ಕಣ್ಣಿಗೆ ಅದು ಬೀಳುವುದಿಲ್ಲ ಅಲ್ವಾ?

ಆ್ಯಂಟಿಬಯಾಟಿಕ್‌ಗೆ ಇರುವ ‘ಪ್ರತಿಜೀವಕ’ದ ಜಾಡು ಹಿಡಿದು ‘ಪರಜೀವಕ’, ‘ಪೂರ್ವಜೀವಕ’ ಎಂದು ಕಟ್ಟಿ ನೋಡಿದೆ. ಮೊದಲನೆಯದು ಪರೋಪಜೀವಿಯನ್ನು ನೆನಪಿಸುತ್ತದೆ. ಎರಡನೆಯದು ಭೂಮಿಯಲ್ಲಿ ಜೀವ ಹುಟ್ಟುವ ಮೊದಲಿನ ಕಾಲದ ಮಾತಿನಂತಿದೆ. ಎರಡನ್ನೂ ಹೊಡೆದುಹಾಕಿದೆ. ಪ್ರೀಬಯಾಟಿಕ್‌ಗೆ ‘ಕರುಳಜೀವಿಗಳ ಮೇವು’ ಅಂದರೆ ಹೇಗೆ? ನನಗಂತೂ ಹಿಡಿಸಿದೆ.

ಪ್ರೋಬಯಾಟಿಕ್‌ಗೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಅನ್ನುವ ರೂಢಿ ಜಾಸ್ತಿ. ಐಸಿಯು ವಿಷಯದಲ್ಲಿ ಈ ‘ಒಳ್ಳೆಯ’ ನನಗೆ ಭಯ ಹುಟ್ಟಿಸುತ್ತದೆ. ಪ್ರೋಬಯಾಟಿಕ್ ಆಗಿ ಕೊಡುವ ಸ್ಯಾಕರೋಮೈಸಿಸ್ ಬೌಲಾರ್ಡಿಯನ್ನೇ ನೋಡಿ. ಅದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಹಾಸಿಗೆಯ ಪಕ್ಕ ಪೊಟ್ಟಣ ಹರಿದರೆ ಕಣ್ಣಿಗೆ ಕಾಣದ ಪುಡಿ ಹಾರುತ್ತದೆ, ಕೈಗೂ ಅಂಟುತ್ತದೆ. ಅದೇ ಕೈ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಯನ್ನು ಮುಟ್ಟಿದರೆ ಯೀಸ್ಟ್ ರಕ್ತ ಸೇರಬಹುದು. ಹೀಗೆ ಆಗಿರುವುದು ವರದಿಯಾಗಿದೆ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗವೂ ಇದೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಇದ್ದವರಲ್ಲಿ, ಪ್ರೋಬಯಾಟಿಕ್ ಪಡೆದವರ ಪೈಕಿ 100ಕ್ಕೆ 16 ಜನ ತೀರಿಕೊಂಡರು. ಪಡೆಯದವರಲ್ಲಿ 6. ‘ಒಳ್ಳೆಯ’ ಎಂದು ಓದಿದವರು ಇದನ್ನೆಲ್ಲ ಊಹಿಸುತ್ತಾರಾ? ಅದಕ್ಕೇ ಸುಮ್ನೆ ‘ಜೀವಂತ ಸೂಕ್ಷ್ಮಜೀವಿಗಳು’ ಎಂದು ಬರೆದಿದ್ದೇನೆ. ಸ್ವಲ್ಪ ಉದ್ದ, ಆದರೆ ಸುಳ್ಳು ಭರವಸೆ ಕೊಡುವುದಿಲ್ಲ.

ಸೆಪ್ಸಿಸ್‌ಗೆ ‘ರಕ್ತದ ನಂಜು’ ಬಳಕೆಯಲ್ಲಿದೆ. ನಂಜು ಎಂಥ ಒಳ್ಳೆಯ ಪದ! ಗಾಯ ನಂಜಾಯಿತು ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ 2016ರ ವ್ಯಾಖ್ಯೆಯ ಪ್ರಕಾರ, ಸೋಂಕಿನ ವಿರುದ್ಧ ದೇಹದ ಪ್ರತಿಕ್ರಿಯೆಯೇ ಹದ ತಪ್ಪಿ ಅಂಗಾಂಗಗಳನ್ನು ಕೆಡಿಸುವುದು ಸೆಪ್ಸಿಸ್. ರಕ್ತದಲ್ಲಿ ರೋಗಾಣು ಸಿಗದವರೂ ಬಹಳ ಜನ. ಹಾಗಾಗಿ ‘ರಕ್ತದ’ ಬಿಟ್ಟು ‘ಮೈನಂಜು’ ಅನ್ನಬಹುದೇ? ನಿಮ್ಮ ಕಡೆ ಈ ಪದಕ್ಕೆ ಬೇರೆ ಅರ್ಥ ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು. ‘ಪ್ರೋಬಯಾಟಿಕ್ ಚಿಕಿತ್ಸೆ’ ಎಂದರೆ ಸೆಪ್ಸಿಸ್ ಇದರಿಂದಲೇ ವಾಸಿಯಾಗುತ್ತದೆ ಎಂಬ ಅರ್ಥ ಬರುವುದಿಲ್ಲವೇ? ‘ಚಿಕಿತ್ಸೆಯ ಜೊತೆಗೆ ಕೊಡುವ’ ಎನ್ನುವುದಕ್ಕೆ ಒಂದೇ ಪದ ಬೇಕಾಗಿದೆ.