ರಿಮೋಟ್ ಕಾರ್ ರೇಸ್: ಅರ್ಹತಾ ಸುತ್ತನ್ನು ನಡೆಸುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ 1/10 ಅಳತೆಯ ಬ್ಯಾಟರಿ ಬಗ್ಗಿಗಳ (ಮಣ್ಣಿನ ಹಾದಿಯಲ್ಲಿ ಓಡುವ ರಿಮೋಟ್ ಕಾರುಗಳ) ರೇಸ್ ಏರ್ಪಡಿಸಲಿದ್ದೇವೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಮೊದಲ ತಿರುವಿನಲ್ಲೇ ಒಂದರ ಮೇಲೊಂದು ಬೀಳುತ್ತವೆ. ಅರ್ಹತಾ ಸುತ್ತಿನ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ 1: ಕಾರುಗಳನ್ನು ತುಸು ಅಂತರವಿಟ್ಟು ಒಂದೊಂದಾಗಿ ಬಿಡಿ, ಪ್ರತಿ ಕಾರಿನ 5 ನಿಮಿಷದ ಓಟವನ್ನು ಅದು ಗೆರೆ ದಾಟಿದ ಕ್ಷಣದಿಂದ ಟ್ರಾನ್ಸ್‌ಪಾಂಡರ್ (ಗೆರೆ ದಾಟಿದ್ದನ್ನು ತಿಳಿಸುವ, ಕಾರಿನೊಳಗಿನ ಪುಟ್ಟ ಸಾಧನ) ಮೂಲಕ ಎಣಿಸುವುದರಿಂದ, ತಡವಾಗಿ ಹೊರಟವರಿಗೆ ನಷ್ಟವಿಲ್ಲ. ಫೈನಲ್‌ನಲ್ಲಿ ಮಾತ್ರ ಒಟ್ಟಿಗೆ ಹೊರಡಲಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಜಗಳ ಹುಟ್ಟುವುದು ಮಾರ್ಷಲ್‌ಗಳಿಲ್ಲದ ಕಡೆ. ಒಂದು ಹೀಟ್ (ಒಂದು ಗುಂಪಿನ ಓಟ) ಓಡಿಸಿದವರೇ ಮುಂದಿನ ಹೀಟ್‌ನಲ್ಲಿ ಮಾರ್ಷಲ್‌ಗಳಾಗಿ ತಿರುವುಗಳಲ್ಲಿ ನಿಂತು, ಮಗುಚಿದ ಕಾರನ್ನು ಎತ್ತಿ ನೇರವಾಗಿಡುವುದು ರೂಢಿ. ಈ ಕೆಲಸ ತಪ್ಪಿಸಿಕೊಂಡವರ ಅತ್ಯುತ್ತಮ ಫಲಿತಾಂಶವನ್ನು ರದ್ದುಪಡಿಸುವ ನಿಯಮವಿಲ್ಲದಿದ್ದರೆ, ನಮ್ಮ ಬಿಸಿಲಿಗೆ ಯಾರೂ ನಿಲ್ಲುವುದಿಲ್ಲ!

ಉತ್ತರ 3: ಎರಡು ಸೆಲ್‌ಗಳ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 8.4 ವೋಲ್ಟ್ ಮೀರದಂತೆ ಪರಿಶೀಲಿಸಿ. ಎರೆಮಣ್ಣಿನ ಟ್ರ್ಯಾಕಾದರೆ ಮಳೆಗಾಲವನ್ನು ಬಿಟ್ಟು ದಿನಾಂಕ ಗೊತ್ತುಮಾಡಿ.